‘ಪುಟ್’ ಎಂಬ ಪುಟ್ಟ ಕ್ರಿಯಾಪದ

ಇಂಗ್ಲಿಷ್ ಕಲಿತ ನಮ್ಮವರಿಗೆ ಆ ಭಾಷೆಯ ದೊಡ್ಡ ಮಾತುಗಳು ಅಷ್ಟಾಗಿ ತೊಡಕನ್ನುಂಟುಮಾಡುವುದಿಲ್ಲ. ‘ಎಕ್ಸ್‌ಟಿಂಗ್ವಿಷ್’ ಎಂದರೆ ನಂದಿಸು, ‘ಪೋಸ್ಟ್‌ಪೋನ್’ ಎಂದರೆ ಮುಂದೂಡು, ‘ಟಾಲರೇಟ್’ ಎಂದರೆ ಸಹಿಸು. ನಿಘಂಟನ್ನು ಒಮ್ಮೆ ತೆರೆದರೆ ಸಂಶಯ ತೀರಿತು. ನಮ್ಮನ್ನು ಮುಗ್ಗರಿಸುವಂತೆ ಮಾಡುವುವು ಮೂರಕ್ಷರದ ಸಣ್ಣ ಮಾತುಗಳು. ‘ಪುಟ್’ ಎಂದರೆ ಇಡು ಎಂಬುದನ್ನು ಇಂಗ್ಲಿಷಿನ ಮೊದಲ ಪಾಠ ಓದಿದ ಹುಡುಗನೂ ಬಲ್ಲನು. ಆದರೆ ‘ಪುಟ್ ಔಟ್’ ಎಂದರೆ ದೀಪವನ್ನು ಆರಿಸುವುದು. ‘ಪುಟ್ ಆನ್’ ಎಂದರೆ ತೊಡುವುದು. ‘ಪುಟ್ ಆಫ್’ ಎಂದರೆ ಮುಂದೂಡುವುದು. ‘ಪುಟ್ ಡೌನ್’ ಎಂದರೆ ದಂಗೆಯನ್ನು ಅಡಗಿಸುವುದು. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು. ಇಡುವುದಕ್ಕೂ ಸಹಿಸುವುದಕ್ಕೂ ಎಲ್ಲಿಯ ನಂಟು?

1755ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದ ಡಾಕ್ಟರ್ ಜಾನ್ಸನ್ ಮಹಾಶಯನು, ಪರದೇಶೀಯರಿಗೆ ಅತ್ಯಂತ ಕಷ್ಟವಾದುವು ಇವೇ ಎಂದು ಅದರ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾನೆ. ಆದಕಾರಣ ನಾವು ನಾಚಬೇಕಾದುದಿಲ್ಲ. ನಾಚಿಕೆಗಿಂತ ಹೆಚ್ಚಾಗಿ, ಈ ಬಗೆಯ ರಚನೆಗೆ ನಾವು ಹೊಸಬರೂ ಅಲ್ಲ. ಪ್ರಹಾರ, ಆಹಾರ, ವಿಹಾರ, ಸಂಹಾರ, ಪರಿಹಾರ ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ಧಾತು ಒಂದೇ, ಉಪಸರ್ಗ ಬದಲಾದಂತೆ ಅರ್ಥ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಊಟಕ್ಕೂ ಕೊಲೆಗೂ ಇರುವ ಅಂತರ ಇಲ್ಲಿ ಒಂದು ಉಪಸರ್ಗದಷ್ಟು ಮಾತ್ರ. ವೇದದ ಭಾಷೆಯಲ್ಲಿ ಉಪಸರ್ಗವು ಕ್ರಿಯಾಪದದಿಂದ ಬೇರೆಯಾಗಿ ದೂರ ನಿಲ್ಲುವುದೂ ಉಂಟು. ಇಂಗ್ಲಿಷಿನ ‘ಔಟ್’, ‘ಆಫ್’, ‘ಅಪ್’ಗಳು ಮಾಡುವುದೂ ಬಹುಮಟ್ಟಿಗೆ ಇದನ್ನೇ.

ಪ್ರಾಚೀನ ಇಂಗ್ಲಿಷಿನಲ್ಲಿ ಇಂಥ ಮಾತುಗಳು ಹೆಚ್ಚಾಗಿ ಕ್ರಿಯಾಪದದ ಹಿಂದೆ ಅಂಟಿಕೊಂಡಿದ್ದುವು; ಕಾಲಕ್ರಮದಲ್ಲಿ ಮುಂದಕ್ಕೆ ಸರಿದುವು. ಎರಡು ಬಗೆಯೂ ಉಳಿದುಬಂದ ಕಡೆ ಅಪಾಯವುಂಟು. ‘ಲುಕ್ ಓವರ್’ ಎಂದರೆ ಪರಿಶೀಲಿಸುವುದು. ‘ಓವರ್‌ಲುಕ್’ ಎಂದರೆ ಕಾಣದೆ ಬಿಡುವುದು, ಅಥವಾ ಕಂಡರೂ ಕ್ಷಮಿಸುವುದು. ಲೆಕ್ಕಪತ್ರವನ್ನು ದಯಮಾಡಿ ‘ಓವರ್‌ಲುಕ್’ ಮಾಡಬೇಕೆಂದು ಗುಮಾಸ್ತನು ಮೇಲಧಿಕಾರಿಗೆ ಬರೆದರೆ, ಆತನ ಪ್ರಾಮಾಣಿಕತೆಯ ಮೇಲೆಯೇ ಸಂಶಯ ಹುಟ್ಟೀತು!

ಇನ್ನು ‘ಪುಟ್’ ಶಬ್ದದ ಪೂರ್ವಾರ್ಥವನ್ನು ನೋಡೋಣ. ಅದು ಇಡು ಎಂಬುದಲ್ಲ. ತಳ್ಳು, ನೂಕು ಎಂಬುದು. ಆಟದ ಬಯಲಿನಲ್ಲಿ ಕಬ್ಬಿಣದ ಗುಂಡನ್ನು ಭುಜದಿಂದ ನೂಕುವುದನ್ನು ಇಂದಿಗೂ ‘ಷಾಟ್ ಪುಟ್’ ಎನ್ನುತ್ತಾರಷ್ಟೆ. ಗಾಲ್ಫ್ ಆಟದಲ್ಲಿ ಚೆಂಡನ್ನು ಕುಳಿಗೆ ತಳ್ಳುವ ‘ಪಟ್’ ಸಹ ಇದರ ಒಡಹುಟ್ಟು. ಈ ಅರ್ಥವನ್ನು ಮನಸ್ಸಿನಲ್ಲಿಟ್ಟರೆ ಕೆಲವು ಬಾಗಿಲುಗಳು ತಾವಾಗಿ ತೆರೆಯುತ್ತವೆ. ‘ಪುಟ್ ಡೌನ್’ ಎಂದರೆ ಕೆಳಕ್ಕೆ ತಳ್ಳುವುದು, ಆದ್ದರಿಂದ ಅಡಗಿಸುವುದು. ‘ಪುಟ್ ಆಫ್’ ಎಂದರೆ ಆಚೆಗೆ ನೂಕುವುದು. ನಮ್ಮ ‘ಮುಂದೂಡು’ ಎಂಬ ಮಾತಿನೊಳಗೂ ‘ದೂಡು’ ಎಂಬುದೇ ಕುಳಿತಿದೆಯಲ್ಲವೆ? ಎಲ್ಲ ಬೀಗಕ್ಕೂ ಈ ಕೀಲಿಕೈ ಹೊಂದುವುದಿಲ್ಲ. ‘ಪುಟ್ ಅಪ್ ವಿತ್’ ಎಂಬುದನ್ನು ಬಾಯಿಪಾಠ ಮಾಡಿಯೇ ತೀರಬೇಕು.

‘ಅಪ್’ ಎಂಬುದರ ವಿಷಯ ಬೇರೆ. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಎಂಬಲ್ಲಿ ಮೇಲಕ್ಕೆ ಹೋಗುವುದು ಏನೂ ಇಲ್ಲ. ಕಾರ್ಯ ಪೂರ್ತಿಯಾಯಿತೆಂಬುದಷ್ಟೆ ಅರ್ಥ. ಕನ್ನಡದಲ್ಲಿ ‘ತಿಂದುಬಿಡು’, ‘ಕುಡಿದುಬಿಡು’ ಎನ್ನುವಾಗ ‘ಬಿಡು’ ಯಾವ ಕೆಲಸ ಮಾಡುತ್ತದೆಯೋ ಅದನ್ನೇ ಇಲ್ಲಿ ‘ಅಪ್’ ಮಾಡುತ್ತದೆ. ವ್ಯಾಕರಣದ ಹತ್ತು ಸೂತ್ರಗಳಿಗಿಂತ ಈ ಒಂದು ಹೋಲಿಕೆ ವಿದ್ಯಾರ್ಥಿಗೆ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚ್ ಮಾತುಗಳೂ, ಮುಂದೆ ವಿದ್ವಾಂಸರ ಮೂಲಕ ಲ್ಯಾಟಿನ್ ಮಾತುಗಳೂ ಇಂಗ್ಲಿಷಿಗೆ ಹೇರಳವಾಗಿ ಬಂದುವು. ಅವು ನ್ಯಾಯಸ್ಥಾನದಲ್ಲಿ, ಗ್ರಂಥದಲ್ಲಿ ನೆಲಸಿದುವು. ಅಡಿಗೆಮನೆಯಲ್ಲಿ ಹಳೆಯ ಮಾತುಗಳೇ ಉಳಿದುವು. ನಾವು ಇಂಗ್ಲಿಷನ್ನು ಗ್ರಂಥದ ಮೂಲಕ ಕಲಿತವರಾದುದರಿಂದ ಮನೆಯ ದೀಪವನ್ನೂ ‘ಎಕ್ಸ್‌ಟಿಂಗ್ವಿಷ್’ ಮಾಡುತ್ತೇವೆ. ತಪ್ಪೇನೂ ಇಲ್ಲ, ಆದರೆ ಅದು ಆಳನ್ನು ಕರೆದು ‘ಜ್ಯೋತಿಯನ್ನು ಶಮನಗೊಳಿಸು’ ಎಂದಂತೆ.

1930ರಲ್ಲಿ ಕೇಂಬ್ರಿಜ್ಜಿನ ಆಗ್ಡನ್ ಎಂಬ ವಿದ್ವಾಂಸನು ಕೇವಲ 850 ಮಾತುಗಳ ‘ಬೇಸಿಕ್ ಇಂಗ್ಲಿಷ್’ ಎಂಬುದನ್ನು ರಚಿಸಿದನು. ಅದರಲ್ಲಿ ಕ್ರಿಯಾಪದಗಳು 18 ಮಾತ್ರ. ‘ಪುಟ್’, ‘ಗೆಟ್’, ‘ಟೇಕ್’, ‘ಗಿವ್’ ಮೊದಲಾದುವು. ಉಳಿದ ಕ್ರಿಯೆಗಳನ್ನೆಲ್ಲ ಇವುಗಳಿಗೆ ‘ಇನ್’, ‘ಔಟ್’ ಮೊದಲಾದುವನ್ನೂ ನಾಮಪದಗಳನ್ನೂ ಸೇರಿಸಿ ಹೇಳಬೇಕು. ಎಣಿಕೆಗೆ ಸುಲಭ, ನಿಜ. ಆದರೆ ಬಿಡಿಮಾತುಗಳನ್ನು ಬಲ್ಲವನಿಗೆ ಜೋಡಿಮಾತಿನ ಅರ್ಥ ತಾನಾಗಿ ಹೊಳೆಯುವುದಿಲ್ಲ. ಇಂಗ್ಲಿಷರಿಗೆ ಸುಲಭವಾದುದು ಎಲ್ಲರಿಗೂ ಸುಲಭವೆಂಬ ಭ್ರಾಂತಿ ಅಲ್ಲಿ ಅಡಗಿತ್ತೆಂದೇ ಹೇಳಬೇಕು.

ನಮ್ಮ ದೇಶದಲ್ಲಿ ಇವುಗಳ ಬಳಕೆ ಒಂದಿಷ್ಟು ಬೇರೆ ದಾರಿ ಹಿಡಿದಿದೆ. ‘ಕೋಪ್ ವಿತ್’ ಎಂದರೆ ಸಾಕು. ನಾವು ‘ಕೋಪ್ ಅಪ್ ವಿತ್’ ಎನ್ನುತ್ತೇವೆ. ಊರಿಗೆ ಬಂದವರನ್ನು ‘ಎಲ್ಲಿ ಪುಟ್ ಅಪ್ ಆಗಿದ್ದೀರಿ’ ಎಂದು ವಿಚಾರಿಸುತ್ತೇವೆ. ಸೋದರಮಾವನ ಮನೆಯಲ್ಲಿ ಉಳಿದ ವಿದ್ಯಾರ್ಥಿಯು ‘ಐ ಆಮ್ ಪುಟಿಂಗ್ ಅಪ್ ವಿತ್ ಮೈ ಅಂಕಲ್’ ಎಂದನೆಂದರೆ, ಇಂಗ್ಲಿಷನ ಕಿವಿಗೆ ಆ ಹುಡುಗನು ಮಾವನ ಕಾಟವನ್ನು ಹೇಗೋ ಸಹಿಸಿಕೊಂಡಿರುವಂತೆ ಕೇಳಿಸುತ್ತದೆ. ಅಲ್ಲಿ ‘ಸ್ಟೇಯಿಂಗ್ ವಿತ್’ ಎಂದರೆ ಮಾವನ ಮರ್ಯಾದೆ ಉಳಿಯುತ್ತದೆ.

ಸ್ಥಾನದ ವಿಷಯವಾಗಿ ಒಂದು ಮಾತು. ‘ಪುಟ್ ಆಫ್ ದಿ ಮೀಟಿಂಗ್’ ಎಂದರೂ ಸರಿ, ‘ಪುಟ್ ದಿ ಮೀಟಿಂಗ್ ಆಫ್’ ಎಂದರೂ ಸರಿ. ಆದರೆ ಸರ್ವನಾಮ ಬಂದರೆ ‘ಪುಟ್ ಇಟ್ ಆಫ್’ ಎಂದೇ ಆಗಬೇಕು. ಇದು ‘ಲುಕ್ ಆಫ್ಟರ್’ ಎಂಬಂಥವಕ್ಕೆ ಅನ್ವಯಿಸದು. ಅಲ್ಲಿ ‘ಲುಕ್ ಆಫ್ಟರ್ ಇಟ್’ ಎಂಬುದೇ ಕ್ರಮ. ಭೇದವನ್ನು ಕಂಡುಹಿಡಿಯಲು ಕಿವಿಯೇ ಸಾಕು. ‘ಪುಟ್ ಇಟ್ ಆಫ್’ ಎನ್ನುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ಲುಕ್ ಆಫ್ಟರ್ ಇಟ್’ ಎನ್ನುವಾಗ ‘ಲುಕ್’ ಮೇಲೆ. ಲಂಡನ್ನಿನ ವಾರ್ತೆಯನ್ನು ರೇಡಿಯೋದಲ್ಲಿ ಕೇಳುವವರು ಈ ಒತ್ತನ್ನು ಗಮನಿಸಬಹುದು.