ವೆನಿಸ್ಸಿನಲ್ಲಿ ಮಿತವ್ಯಯದ ಊಟ

ಇಟಲಿಯ ವೆನಿಸ್ ಪಟ್ಟಣದಲ್ಲಿ ಸಂತ ಮಾರ್ಕನ ಚೌಕದಷ್ಟು ದುಬಾರಿಯಾದ ಸ್ಥಳವು ವಿರಳ. 1720ರಲ್ಲಿ ಸ್ಥಾಪಿತವಾದ ಫ್ಲೋರಿಯನ್ ಕಾಫಿಗೃಹವು ಅಲ್ಲಿಯೇ ಇರುವುದು. ವಾದ್ಯಗೋಷ್ಠಿ ನಡೆಯುತ್ತಿರುವಾಗ ಹೊರಗಣ ಮೇಜಿನಲ್ಲಿ ಕುಳಿತವರು ಕಾಫಿಯ ಬೆಲೆಯೊಡನೆ ಸಂಗೀತಕ್ಕೂ ಪ್ರತ್ಯೇಕವಾಗಿ ತೆರಬೇಕು. ಕೇಳಿದ ಸಂಗೀತಕ್ಕೆ ಹಣ ಕೊಡುವುದು ನ್ಯಾಯವೇ ಸರಿ. ಆದರೆ ಮಕ್ಕಳೊಡನೆ ಹಸಿದು ಬಂದ ಗೃಹಸ್ಥನಿಗೆ ಅದರಿಂದ ಹೊಟ್ಟೆ ತುಂಬದು.

ಅಂತಹವನು ಓಣಿಗಳನ್ನು ಹೊಕ್ಕು, ‘ತ್ರಾತ್ತೋರಿಯ’ ಎಂಬ ಸಾಧಾರಣ ಭೋಜನಗೃಹವನ್ನು ಹುಡುಕತಕ್ಕದ್ದು. ದರಪಟ್ಟಿಯನ್ನು ಓದದೆ ಒಳಗೆ ಕೂರಬಾರದೆಂದು ನಾವು ಒತ್ತಿ ಹೇಳುವೆವು. ‘ಕೊಪೆರ್ತೊ’ ಎಂದಿದ್ದರೆ, ಎಲೆ ಹಾಕಿದ್ದಕ್ಕೇ ತಲೆಗಿಷ್ಟೆಂದು ವಸೂಲುಮಾಡುವ ಹಣವೆಂದು ತಿಳಿಯಬೇಕು. ಐವರ ಸಂಸಾರಕ್ಕೆ ಅದು ಐದು ಪಾಲು. ಮೀನಿನ ಬೆಲೆಯ ಮುಂದೆ ‘ಎತ್ತೊ’ ಎಂದಿದ್ದರೆ ಅದು 100 ಗ್ರಾಮಿನ ಬೆಲೆ, ತಟ್ಟೆಯದಲ್ಲ.

‘ಪ್ರೀಮೊ’ ಎಂಬ ಮೊದಲ ಬಡಿಸುವಿಕೆಯಲ್ಲಿ ಪಾಸ್ತಾ ಬರುವುದು. ನಮ್ಮವರಿಗೆ ಅದೊಂದೇ ಸಾಕು; ಅದಕ್ಕಿಂತ ದುಬಾರಿಯಾದ ಎರಡನೆಯದನ್ನು ತರಿಸಲೇಬೇಕೆಂಬ ನಿರ್ಬಂಧವೇನೂ ಇಲ್ಲ. ಶಾಕಾಹಾರಿಗಳಿಗೆ ಟೊಮೇಟೊ ಸಾರಿನ ಪಾಸ್ತಾ ಒಳ್ಳೆಯದು. ‘ಬಿಗೊಲಿ ಇನ್ ಸಾಲ್ಸಾ’ ಎಂಬ ದಪ್ಪ ಶಾವಿಗೆಯು ನೋಟಕ್ಕೆ ಬರಿಯ ಈರುಳ್ಳಿಯ ಅಡಿಗೆಯಂತಿದ್ದರೂ ಅದರಲ್ಲಿ ಉಪ್ಪುಮೀನು ಕರಗಿರುವುದು. ಮೇಲೆ ಉದುರಿಸುವ ಪಾರ್ಮಿಜಾನೊ ಚೀಸಿಗೂ ಕರುವಿನ ಜಠರದಿಂದ ತೆಗೆದ ಹೆಪ್ಪನ್ನೇ ಹಾಕುವರು. ಬೇಡವಾದವರು ಮೊದಲೇ ಹೇಳಿಬಿಡಲಿ.

ನೀರಿನ ಸೀಸೆಗೂ ಅಲ್ಲಿ ಬೆಲೆಯುಂಟು. ಆದರೆ ಊರಿನ ಚೌಕಗಳಲ್ಲಿರುವ ನಲ್ಲಿಗಳಲ್ಲಿ ಕುಡಿಯುವ ನೀರು ಪುಕ್ಕಟೆಯಾಗಿ ದೊರೆಯುವುದು. ತಿರುಗಾಡುವಾಗ ಒಂದು ಖಾಲಿ ಸೀಸೆ ಕೈಯಲ್ಲಿರಲಿ.