ಕರು ಹಾಕುವ ಹಸುವಿಗೆ ಆಕ್ಸಿಟೋಸಿನ್: ಗರ್ಭಕೋಶ ಸಿದ್ಧವಿದೆಯೇ?

ದಿನ ತುಂಬಿದ ಹಸು ಕರು ಹಾಕಲು ತಡಮಾಡಿದರೆ ಮನೆಮಂದಿಗೆಲ್ಲ ಆತಂಕ. ಒಂದು ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟರೆ ಕರು ಹೊರಬರುತ್ತದೆಂಬ ನಂಬಿಕೆ ಅನೇಕ ಹೈನುಗಾರರಲ್ಲಿದೆ. ಆದರೆ ಔಷಧ ಎಷ್ಟು ಕೊಟ್ಟರು ಎಂಬುದಕ್ಕಿಂತ, ಅದನ್ನು ಸ್ವೀಕರಿಸಲು ಗರ್ಭಕೋಶ ಸಿದ್ಧವಾಗಿದೆಯೇ ಎಂಬುದೇ ಇಲ್ಲಿ ಮುಖ್ಯ.

ಆಕ್ಸಿಟೋಸಿನ್ ಮಿದುಳಿನಲ್ಲಿ ತಯಾರಾಗಿ ಪಿಟ್ಯೂಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಸೇರುವ ಹಾರ್ಮೋನು. ಈ ಗ್ರಂಥಿಯ ಸಾರ ಬೆಕ್ಕಿನ ಗರ್ಭಕೋಶವನ್ನು ಸಂಕುಚಿಸುವುದನ್ನು ಬ್ರಿಟನ್ನಿನ ಹೆನ್ರಿ ಡೇಲ್ 1906ರಲ್ಲಿ ವರದಿ ಮಾಡಿದರು. ಕೆಚ್ಚಲಿನಿಂದ ಹಾಲು ಇಳಿಸುವುದೂ ಇದೇ ಹಾರ್ಮೋನು. ಹಾಲಿಗಾಗಿ ನಡೆಯುವ ದುರ್ಬಳಕೆ ತಡೆಯಲೆಂದು ಕೇಂದ್ರ ಸರಕಾರ 2018ರಲ್ಲಿ ದೇಶದ ಬಳಕೆಗೆ ಬೇಕಾದ ಇದರ ಉತ್ಪಾದನೆಯನ್ನು ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಗೆ ಸೀಮಿತಗೊಳಿಸಿದ್ದು, ಅದೇ ವರ್ಷ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿದ್ದು ಓದುಗರಿಗೆ ನೆನಪಿರಬಹುದು.

ಹಸುವಿನ ಗರ್ಭಾವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310. ಇದರ ಬಹುಪಾಲು ಕಾಲ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಗರ್ಭಕೋಶದ ಸ್ನಾಯುಗಳನ್ನು ಶಾಂತವಾಗಿಟ್ಟಿರುತ್ತದೆ. ಆಕ್ಸಿಟೋಸಿನ್ನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಆಗ ಆ ಸ್ನಾಯುಕೋಶಗಳ ಮೇಲೆ ವಿರಳ. ಬೀಗವೇ ಇಲ್ಲದೆಡೆ ಕೀಲಿಕೈ ಏನು ಮಾಡೀತು?

ಸ್ವಾರಸ್ಯವೆಂದರೆ, ಹೆರಿಗೆಯ ಮೊದಲ ಸೂಚನೆ ಹೊರಡುವುದು ತಾಯಿಯಿಂದಲ್ಲ, ಹೊಟ್ಟೆಯೊಳಗಿನ ಮರಿಯಿಂದ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಕುರಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಗರ್ಭದಲ್ಲಿನ ಮರಿಯ ಪಿಟ್ಯೂಟರಿಯನ್ನು ನಾಶಪಡಿಸಿದಾಗ ದಿನ ಮೀರಿದರೂ ಕುರಿ ಮರಿ ಹಾಕಲಿಲ್ಲ. ಹಸುವಿನಲ್ಲೂ ಬಲಿತ ಕರು ಸ್ರವಿಸುವ ಕಾರ್ಟಿಸಾಲ್‌ನಿಂದಾಗಿ ಪ್ರೊಜೆಸ್ಟರಾನ್ ಇಳಿದು ಈಸ್ಟ್ರೋಜೆನ್ ಏರುತ್ತದೆ. ಗ್ರಾಹಕಗಳು ಹಲವು ಪಟ್ಟು ಹೆಚ್ಚುತ್ತವೆ. ಬಿಡಿಬಿಡಿಯಾಗಿದ್ದ ಸ್ನಾಯುಕೋಶಗಳ ನಡುವೆ ಸಂಪರ್ಕ ಏರ್ಪಟ್ಟು ಎಲ್ಲವೂ ಒಟ್ಟಾಗಿ ಸಂಕುಚಿಸತೊಡಗುತ್ತವೆ. ಗರ್ಭಕೊರಳು ಸಡಿಲಗೊಳ್ಳುತ್ತದೆ. ಕರು ಅದರ ಮೇಲೆ ಒತ್ತಿದಂತೆ ನರಗಳ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿ ಮತ್ತಷ್ಟು ಆಕ್ಸಿಟೋಸಿನ್ ಹರಿದುಬರುತ್ತದೆ, ನೋವು ಬಲವಾಗುತ್ತದೆ.

ಅವಸರದ ಚುಚ್ಚುಮದ್ದು ಅಪಾಯಕಾರಿಯಾಗುವುದು ಇಲ್ಲಿಯೇ. ಸ್ನಾಯುಗಳು ಸಿದ್ಧವಾಗಿದ್ದು ಗರ್ಭಕೊರಳು ತೆರೆಯದಿದ್ದರೆ, ಇಲ್ಲವೇ ಕರು ಅಡ್ಡ ತಿರುಗಿದ್ದರೆ, ಸಂಕೋಚನದ ಬಲಕ್ಕೆ ದಾರಿಯೇ ಇರುವುದಿಲ್ಲ. ಕರುವಿಗೆ ರಕ್ತದ ಪೂರೈಕೆ ಕುಂಠಿತವಾಗಿ ಅದು ಒಳಗೇ ಸಾಯಬಹುದು. ಗರ್ಭಕೋಶವೇ ಹರಿದು ಹಸುವನ್ನೂ ಕಳೆದುಕೊಳ್ಳಬೇಕಾದೀತು. ಪಶುವೈದ್ಯರು ಮೊದಲು ಕೈಹಾಕಿ ಕರುವಿನ ಭಂಗಿ ನೋಡುವುದು ಈ ಕಾರಣಕ್ಕಾಗಿಯೇ.

ಕರು ಹಾಕಿದ ಮೇಲೆ ಗರ್ಭಕೋಶ ಕುಗ್ಗಲು ಈ ಔಷಧ ನೆರವಾಗುವುದುಂಟು. ಅದೂ ಬೇಗನೆ ಕೊಟ್ಟರೆ ಮಾತ್ರ. ದಿನಗಳು ಉರುಳಿದಂತೆ ಗ್ರಾಹಕಗಳು ಮತ್ತೆ ಕಡಿಮೆಯಾಗುತ್ತವೆ.