ಸ್ವರವಿಲ್ಲದ ಐದಕ್ಷರ

ದಸರಾ ರಜೆಗೆ ಮೊಮ್ಮಗಳು ಬಂದಿದ್ದಳು. ಏಳನೆಯ ತರಗತಿ. ಅವಳ ಮನೆಯಿರುವ ಮಣಿಪಾಲಕ್ಕೂ ಉಡುಪಿಯ ನಮ್ಮ ಮನೆಗೂ ಸಿಟಿ ಬಸ್ಸಿನಲ್ಲಿ ಸ್ವಲ್ಪವೇ ಹೊತ್ತಿನ ದಾರಿ. ಆದರೆ ಅವಳ ಚೀಲ ನೋಡಿದರೆ ದೆಹಲಿಗೆ ಹೊರಟವಳಂತೆ. ಅದರೊಳಗಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಎಂಟು ಸಾಲು, ಸಾಲಿಗೆ ಐದು ಮನೆ. ಐದಕ್ಷರದ ಎಂಟು ಇಂಗ್ಲಿಷ್ ಪದಗಳನ್ನು ತುಂಬಬೇಕು. ಷರತ್ತು ಒಂದೇ. ಎ, ಇ, ಐ, ಓ, ಯು ಎಂಬ ಐದರಲ್ಲಿ ಒಂದೂ ಒಳಗೆ ಬರಬಾರದು.

“ಸ್ವರ ಇಲ್ಲದ ಪದ ಉಂಟಾ ಮಾರಾಯ್ತಿ?” ಎಂದೆ.

“ಉಂಟು ಅಜ್ಜ. ವೈ ಇದೆಯಲ್ಲ!”

ನಮ್ಮ ಕನ್ನಡದಲ್ಲಿ ಸ್ವರ ಸೇರದೆ ವ್ಯಂಜನ ಪೂರ್ತಿಯಾಗುವುದಿಲ್ಲ. ‘ಕ’ ಎನ್ನುವಾಗಲೇ ಅದರೊಳಗೆ ಒಂದು ‘ಅ’ ಕುಳಿತಿರುತ್ತದೆ. ಇಂಗ್ಲಿಷಿನವರು ಸ್ವರ ಐದೇ ಎಂದು ಲೆಕ್ಕ ಕೊಟ್ಟು, ವೈಯನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟಿದ್ದಾರೆ. ‘ಯೆಸ್’ ಎಂಬಲ್ಲಿ ಅದು ವ್ಯಂಜನ, ‘ಜಿಪ್ಸಿ’ ಎಂಬಲ್ಲಿ ಎರಡು ಸಲವೂ ಸ್ವರದ ಕೆಲಸ. ನಮ್ಮ ಬ್ಯಾಂಕಿನಲ್ಲಿ ಅಂಥ ಲೆಕ್ಕ ಕೊಟ್ಟರೆ ಆಡಿಟರು ಬಿಡುತ್ತಿರಲಿಲ್ಲ.

‘ಜಿಪ್ಸಿ’ ಅವಳೇ ಬರೆದಿದ್ದಳು. ‘ಲಿಂಫ್’ ಅವಳ ಅಣ್ಣನ ಜೀವಶಾಸ್ತ್ರದ ಪುಸ್ತಕದಿಂದ ಬಂತು. ನಾನು ಕೊಟ್ಟದ್ದು ‘ಟ್ರಿಸ್ಟ್’. ಟಿ, ಆರ್, ವೈ, ಎಸ್, ಟಿ. 1947ರ ಆಗಸ್ಟ್ 14ರ ರಾತ್ರಿ ನೆಹರೂ ಮಾಡಿದ ಭಾಷಣದ ಹೆಸರಿನಲ್ಲೇ ಈ ಪದವಿದೆ. ಮೊದಲೇ ಗೊತ್ತುಮಾಡಿಕೊಂಡ ಭೇಟಿ ಎಂದು ಅರ್ಥ. ‘ಮರ್’ ಎಂಬುದನ್ನು ಪಕ್ಕದ ಮನೆಯ ನಿವೃತ್ತ ಟೀಚರ್ ಬೇಲಿಯ ಆಚೆಯಿಂದಲೇ ಹೇಳಿದರು. ಎಂ, ವೈ, ಆರ್, ಆರ್, ಎಚ್. ಕ್ರಿಸ್‌ಮಸ್ ಕಥೆಯಲ್ಲಿ ಜ್ಞಾನಿಗಳು ಮಗುವಿಗೆ ತಂದ ಚಿನ್ನ, ಧೂಪ, ರಕ್ತಬೋಳಗಳಲ್ಲಿ ಆ ರಕ್ತಬೋಳವೇ ಇದು. ಮತ್ತೆ ‘ನಿಂಫ್’, ‘ಕ್ರಿಪ್ಟ್’. ಆರು ಸಾಲು ತುಂಬಿತು.

ಏಳನೆಯದಕ್ಕೆ ಅವಳು ಪಿ ಬರೆದು, ವೈ ಬರೆದು, ಜಿ, ಎಂ, ಮತ್ತೆ ವೈ ಎಂದು ಮುಗಿಸಿದಳು.

“ಅದು ತಪ್ಪು. ಪಿಗ್ಮಿಗೆ ಪಿ ಆದಮೇಲೆ ಐ. ಹಾಗಾಗಿ ನಿನ್ನ ಹಾಳೆಗೆ ಆಗುವುದಿಲ್ಲ.”

“ಇಲ್ಲ ಅಜ್ಜ, ವೈ.”

“ನಾನು ಮೂವತ್ತೈದು ವರ್ಷ ಬರೆದಿದ್ದೇನೆ!”

ನಮ್ಮ ಊರಿನಲ್ಲಿ ಆ ಪದ ಗೊತ್ತಿಲ್ಲದ ಅಜ್ಜಂದಿರಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, ಮಣಿಪಾಲದಲ್ಲಿ ಪ್ರಧಾನ ಕಚೇರಿ ಹೊಂದಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ, ಪಡೆದುಕೊಂಡು ಹೋಗುತ್ತಿದ್ದರು. ಪುಟ್ಟ ಉಳಿತಾಯಕ್ಕೆ ಪುಟ್ಟ ಹೆಸರು. ಅವರು ಬರೆದದ್ದು ಐ ಹಾಕಿ. ಕರಾವಳಿಯ ಸೊಸೈಟಿಗಳೆಲ್ಲ ಅದನ್ನೇ ಹಿಡಿದುಕೊಂಡವು.

ನನ್ನ ಅಮ್ಮನದ್ದೂ ಒಂದು ಪಿಗ್ಮಿ ಇತ್ತು. ಕಾಪುವಿನ ಹತ್ತಿರ ಶಂಕರಪುರದ ಕಡೆ ನಮ್ಮದು ಮಲ್ಲಿಗೆ ಗಿಡಗಳ ಹಿತ್ತಿಲು. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಾಕಿ ಹೂವಿನವರಿಗೆ ಕೊಡಬೇಕು. ಸಂಜೆ ಸೈಕಲ್ಲಿನ ಗಂಟೆ ಕೇಳಿದರೆ ಅಮ್ಮ ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ತೆಗೆಯುವಳು. ನಯಾಪೈಸೆ ಬಂದು ವರ್ಷಗಳಾಗಿದ್ದರೂ ಅವಳಿಗೆ ಅದು ನಾಲ್ಕಾಣೆಯೇ. ಹೂವಿಗೆ ದರ ಬಿದ್ದ ದಿನಗಳಲ್ಲಿ ಮನೆಗೆ ಮೀನು ಬರದಿದ್ದರೂ ಪಿಗ್ಮಿ ತಪ್ಪುತ್ತಿರಲಿಲ್ಲ. ನನ್ನ ಬಿ.ಕಾಂ. ಮೊದಲ ವರ್ಷದ ಫೀಸು ಆ ಪುಸ್ತಕದಿಂದಲೇ ಬಂದದ್ದು. ಹೆಬ್ಬೆಟ್ಟು ಒತ್ತುತ್ತಿದ್ದ ಅಮ್ಮನಿಗೆ ಗುರುತು ಸಿಗುತ್ತಿದ್ದ ಇಂಗ್ಲಿಷ್ ಪದ ಅದೊಂದೇ. ಪಾಸ್‌ಬುಕ್ಕಿನ ಮೇಲೆ ಬೆರಳಿಟ್ಟು “ಇದು ಪಿಗ್ಮಿ” ಎಂದು ಓದಿ ತೋರಿಸುತ್ತಿದ್ದಳು. ಅಂಥ ಪದದ ಸ್ಪೆಲ್ಲಿಂಗ್ ತಪ್ಪು ಎಂದರೆ ನನಗೆ ಹೇಗಾಗಬೇಡ?

ಮೊಮ್ಮಗಳು ನನ್ನದೇ ಕಪಾಟಿನ ಹಳೆಯ ಡಿಕ್ಷನರಿ ತಂದಳು. ಅದರಲ್ಲಿ ಎರಡೂ ಇತ್ತು. ವೈ ಇರುವುದು ಮುಖ್ಯ ರೂಪ, ಐ ಇರುವುದು ಇನ್ನೊಂದು ರೂಪ. ಮೂಲ ಗ್ರೀಕ್ ಪದಕ್ಕೆ ಮುಷ್ಟಿ ಎಂದು ಅರ್ಥ. ಮೊಣಕೈಯಿಂದ ಬೆರಳ ಗೆಣ್ಣಿನವರೆಗಿನ ಅಳತೆಗೂ ಅದೇ ಹೆಸರು. ಅಂದರೆ ನಮ್ಮ ಮೊಳಕ್ಕಿಂತ ಒಂದಿಷ್ಟು ಗಿಡ್ಡ. ಮನುಷ್ಯರನ್ನು ಹಾಗೆ ಕರೆಯುವುದು ಈಗ ಮರ್ಯಾದೆಯಲ್ಲ, ಅದು ಬೇರೆ ವಿಷಯ. ಗ್ರೀಕಿನ ಉಪ್ಸಿಲಾನ್ ಎಂಬ ಸ್ವರಾಕ್ಷರ ಲ್ಯಾಟಿನ್ನಿಗೆ ಹೋಗಿ ವೈ ಆಯಿತಂತೆ. ನಿಂಫ್, ಕ್ರಿಪ್ಟ್‌ಗಳ ನಡುವಿನ ವೈ ಕೂಡ ಅಲ್ಲಿಂದಲೇ ಬಂದದ್ದು.

ಡಿಕ್ಷನರಿ ಮುಚ್ಚುವಾಗ ಕಾರ್ಕಳದ ದಿನ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತು, ಅಲ್ಲಿನ ಒಂದು ಶಾಖೆಯಲ್ಲಿದ್ದೆ. ಒಬ್ಬರು ವಯಸ್ಸಾದ ಮಾಸ್ಟ್ರು ಪಾಸ್‌ಬುಕ್ ನೋಡಿ, “ಇದಕ್ಕೆ ವೈ ಬರಬೇಕಲ್ಲವೋ” ಎಂದು ಮೆಲ್ಲಗೆ ಕೇಳಿದರು. “ಮಾಸ್ಟ್ರೇ, ಇದು ಬ್ಯಾಂಕು, ಶಾಲೆ ಅಲ್ಲ” ಎಂದುಬಿಟ್ಟೆ. ಸುತ್ತ ಇದ್ದವರು ನಕ್ಕರು. ಅವರು ಪುಸ್ತಕವನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಐದು ನಿಮಿಷ ಡಿಕ್ಷನರಿ ತೆರೆದಿದ್ದರೆ ಅವರದ್ದೂ ಸರಿ, ನಮ್ಮದೂ ಸರಿ ಎಂದು ಹೇಳಬಹುದಿತ್ತು. ಆಮೇಲೂ ಅವರು ಬರುತ್ತಿದ್ದರು. ಹಣ ಕಟ್ಟುತ್ತಿದ್ದರು, ಹೋಗುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಇದನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಹೇಳುವ ಅಂದರೆ ಅವರಿಲ್ಲ ಅಲ್ವಾ ಅಜ್ಜ?” ಎಂದಳು. ಆಮೇಲೆ ಗೋದ್ರೇಜಿನಿಂದ ಅಮ್ಮನ ಪಾಸ್‌ಬುಕ್ ತೆಗೆಸಿ, ಹೊದಿಕೆಯ ಮೇಲಿನ ಐದಕ್ಷರವನ್ನು ಒಂದೊಂದಾಗಿ ಓದಿದಳು. ಪಿ, ಐ, ಜಿ, ಎಂ, ವೈ. ಹಾಳೆಯ ಏಳನೆಯ ಸಾಲಿನಲ್ಲಿ ಮಾತ್ರ ವೈ ಹಾಗೆಯೇ ಉಳಿಯಿತು.

ಎಂಟನೆಯ ಸಾಲು ಇನ್ನೂ ಖಾಲಿ ಇದೆ. ಸೋಮವಾರ ಶಾಲೆ ಶುರು. ಮಕ್ಕಳೇ, ನಿಮಗೆ ಹೊಳೆದರೆ ಮೊದಲು ಮನೆಯ ಅಜ್ಜ ಅಜ್ಜಿಗೆ ಹೇಳಿ. ಅವರು ತಪ್ಪು ಎಂದರೆ ಡಿಕ್ಷನರಿ ತನ್ನಿ.